ಉನ್ನತ ಗಣಿತದ ಅರ್ಜಿಯಲ್ಲಿ ನನ್ನ ಸಹಿಯ ಜಾಗ ತೆಗೆದುಹಾಕಿ

ಜಿಲ್ಲಾ ಶಾಲಾ ಆಡಳಿತದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಪೋರ್ಟ್ ಹಾಲೊವೇ ಪ್ರೌಢಶಾಲೆಯಲ್ಲಿ ಹೆಣ್ಣುಮಕ್ಕಳು ಉನ್ನತ ಗಣಿತ ಓದದಂತೆ ಒಬ್ಬ ಸಿಬ್ಬಂದಿ ಇಪ್ಪತ್ತೆರಡು ವರ್ಷಗಳಿಂದ ಅಡ್ಡ ಕೂತಿದ್ದಾರೆ. ಈ ದೂರು ಅವರ ಮೇಲೆ. ತನಿಖಾ ಸಮಿತಿಯೇನೂ ಬೇಡ. ಆ ಸಿಬ್ಬಂದಿ ನಾನೇ.

ತಾವು ನನ್ನನ್ನು ಮರೆತಿರಲಾರಿರಿ. ಕಪ್ಪು ಹಾಗೂ ಮೆಕ್ಸಿಕೊ ಮೂಲದ ಹುಡುಗಿಯರನ್ನು ವಿಜ್ಞಾನದತ್ತ ಹುರಿದುಂಬಿಸಿದ್ದಕ್ಕೆ ಎರಡು ವರ್ಷದ ಹಿಂದೆ ತಾವೇ ಒಂದು ಫಲಕ ಕೊಟ್ಟು ಕೈ ಕುಲುಕಿದಿರಿ. ನಾನು ವೇದಿಕೆಯಲ್ಲಿ ಎಂದಿನ ಕಥೆ ಹೇಳಿದೆ. ಹದಿನಾರರಲ್ಲಿ ರಸಾಯನಶಾಸ್ತ್ರ ಓದಬೇಕೆಂದು ಹೋದ ಕಪ್ಪು ಹುಡುಗಿ ನನಗೆ, ಅಂದಿನ ಬಿಳಿಯ ಮಾರ್ಗದರ್ಶಕರು, ನಿನ್ನ ಅಕ್ಷರ ಮುದ್ದಾಗಿದೆ, ಗುಮಾಸ್ತೆಯಾಗು ಎಂದದ್ದು. ಸಭೆ ಕಣ್ಣೊರೆಸಿಕೊಂಡಿತು. ನಾನೂ ಒರೆಸಿಕೊಂಡೆ, ಆ ಜಾಗ ಬಂದಾಗ ಪ್ರತಿ ಸಲವೂ ಒರೆಸಿಕೊಳ್ಳುತ್ತೇನೆ.

ಅದೇ ವರ್ಷ ಏಪ್ರಿಲ್‌ನಲ್ಲಿ ಹನ್ನೊಂದನೇ ತರಗತಿಯ ಅರಾಸೆಲಿ ಮೊಂತೂಫಾರ್ ಮುಂದಿನ ವರ್ಷದ ಉನ್ನತ ಗಣಿತದ ಅರ್ಜಿಗೆ ನನ್ನ ಸಹಿ ಕೇಳಿ ಕೋಣೆಗೆ ಬಂದಳು. ಅವಳ ತಾಯಿ ತೈಲ ಶುದ್ಧೀಕರಣ ಕಾರ್ಖಾನೆಯ ಸಮವಸ್ತ್ರ ಒಗೆಯುವ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಆ ಬಟ್ಟೆ ತೊಡುವ ಎಂಜಿನಿಯರುಗಳು ಹೊರಗಿನಿಂದ ಬರುತ್ತಾರೆ. ಮಸಿ ತೊಳೆಯುವವರು ಮಾತ್ರ ನಮ್ಮವರು. ಹುಡುಗಿಗೆ ರಾಸಾಯನಿಕ ಎಂಜಿನಿಯರ್ ಆಗುವ ಆಸೆ.

ನಾನು ಪ್ರೀತಿಯಿಂದಲೇ ಮಾತಾಡಿದೆ. ನನ್ನಿಂದ ಅಪಾಯವಿರುವುದೇ ಆ ಪ್ರೀತಿಯಲ್ಲಿ. "ನೋಡು ಕಂದಾ, ಅದು ತುಂಬಾ ಕಷ್ಟ ಕಣೆ. ಫೇಲಾದ್ರೆ ಅಂಕಪಟ್ಟಿ ಕೆಡುತ್ತೆ. ನರ್ಸಿಂಗ್ ಸಹಾಯಕಿ ಕೋರ್ಸ್ ತಗೋ, ಮುಗಿದ ಕೂಡ್ಲೇ ಕೆಲಸ."

"ನಾನು ಫೇಲಾಗ್ತೀನಿ ಅಂತ ಯಾಕನ್ಸುತ್ತೆ ಮಿಸ್? ನನ್ನ ಫೈಲ್ ನೋಡಿದ್ರಾ?"

ಫೈಲ್ ನನ್ನ ಕಾಫಿ ಲೋಟದ ಕೆಳಗಿತ್ತು. ನೋಡಿರಲಿಲ್ಲ. ಸಹಿ ಹಾಕದಿರುವ ಕಾರಣ ಬರೆದುಕೊಡಿ ಎಂದಳು. 'ವಿದ್ಯಾರ್ಥಿನಿಯ ಹಿತದೃಷ್ಟಿಯಿಂದ' ಎಂದು ಬರೆದುಕೊಟ್ಟೆ, ಮುದ್ದಾದ ಅಕ್ಷರದಲ್ಲಿ.

ಮರುದಿನ ಅವಳ ಗೆಳತಿ ಕೆಜಾಯಾ ಬ್ರಾಡ್ನಾಕ್ಸ್ ಬಂದು ನಿಂತಳು. ಅವಳ ಅರ್ಜಿಗೆ ನಾನು ಮರುಮಾತಿಲ್ಲದೆ ಸಹಿ ಹಾಕಿದ್ದೆ. ಕಾರಣ ಪ್ರತಿಭೆಯಲ್ಲ, ಅವಳಜ್ಜಿ ಚರ್ಚಿನ ಗಾಯನವೃಂದದಲ್ಲಿ ನನ್ನ ಪಕ್ಕ ನಿಲ್ಲುತ್ತಾರೆ, ಭಾನುವಾರ ಅವರಿಗೆ ಮುಖ ತೋರಿಸಬೇಕು. "ನನಗಿಂತ ಅವಳಿಗೇ ಮಾರ್ಕ್ಸ್ ಜಾಸ್ತಿ ಮಿಸ್," ಎಂದಳು ಕೆಜಾಯಾ, "ಅವಳಿಗೂ ಚರ್ಚಲ್ಲಿ ಒಬ್ರು ಅಜ್ಜಿ ಬೇಕಿತ್ತೇನೋ." ಉದ್ಧಟತನ ಎಂದು ಗದರಿಸಿ ಕಳಿಸಿದೆ.

ಆಮೇಲಿನದು ನನಗೆ ತಡವಾಗಿ ತಿಳಿಯಿತು. ಇಡೀ ವರ್ಷ ಕೆಜಾಯಾ ತರಗತಿಯ ಟಿಪ್ಪಣಿ ತಂದು, ಶಾಲೆ ಬಿಟ್ಟ ಮೇಲೆ ಲಾಂಡ್ರಿಯ ಬಟ್ಟೆ ಮಡಿಸುವ ಮೇಜಿನ ಮೇಲೆ ಹರಡುತ್ತಿದ್ದಳಂತೆ. ಮೊದಲು ಕೆಜಾಯಾ ಅರಾಸೆಲಿಗೆ ಹೇಳಿಕೊಡುವುದು; ಕ್ರಿಸ್ಮಸ್ ಹೊತ್ತಿಗೆ ಅರಾಸೆಲಿಯೇ ಕೆಜಾಯಾಗೆ. ಗಣಿತದ ಮೇಷ್ಟ್ರು ಸದ್ದಿಲ್ಲದೆ ಅರಾಸೆಲಿಯ ಹೆಸರನ್ನೂ ಮೇ ತಿಂಗಳ ಸಾರ್ವತ್ರಿಕ ಪರೀಕ್ಷೆಗೆ ಕಳಿಸಿದರು. ಜುಲೈಯಲ್ಲಿ ಫಲಿತಾಂಶ ಬಂತು. ಕೆಜಾಯಾಗೆ ಐದಕ್ಕೆ ನಾಲ್ಕು. ತರಗತಿಯೊಳಗೆ ಒಂದು ದಿನವೂ ಕೂರದ ಅರಾಸೆಲಿಗೆ ಐದಕ್ಕೆ ಐದು.

ಆದರೆ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ಮಾರ್ಚಿನಲ್ಲೇ ಅವಳ ಅರ್ಜಿ ತಿರಸ್ಕರಿಸಿತ್ತು. ಅಂಕಪಟ್ಟಿಯಲ್ಲಿ ಉನ್ನತ ಗಣಿತವೇ ಇಲ್ಲವೆಂಬ ಕಾರಣಕ್ಕೆ. ಕೆಜಾಯಾ ಅಲ್ಲಿಗೆ ಹೋದಳು. ಅರಾಸೆಲಿ ಊರಿನ ಎರಡು ವರ್ಷದ ಸಮುದಾಯ ಕಾಲೇಜಿಗೆ ಸೇರಿ, ಉಳಿದ ಹೊತ್ತು ತಾಯಿಯ ಜೊತೆ ಸಮವಸ್ತ್ರ ಮಡಿಸುತ್ತಿದ್ದಾಳೆ.

ನಾನು ಕಪಾಟು ತೆರೆದು ಐದು ವರ್ಷದ ಹಳೆಯ ಅರ್ಜಿಗಳನ್ನು ಹೊರಗೆ ಹಾಕಿದೆ. ಬೇಡವೆಂದದ್ದು ಮೂವತ್ತೊಂದು. ಇಪ್ಪತ್ತೇಳು ನಮ್ಮ ಹುಡುಗಿಯರವು, ಕಪ್ಪು ಜನರ ಮನೆಯವರು, ಮೆಕ್ಸಿಕೊ ಮೂಲದವರು. ಎಂಜಿನಿಯರನ ಮಗಳು ಒಬ್ಬಳೂ ಇಲ್ಲ. ಇದನ್ನು ಯಾವ ಬಿಳಿಯರೂ ಬಂದು ಮಾಡಿಸಲಿಲ್ಲ ಮಾನ್ಯರೇ. ನನ್ನ ಚರ್ಮ ನೋಡಿ ತಾವು ಆ ಕುರ್ಚಿಯಲ್ಲಿ ಕೂರಿಸಿದಿರಿ. ನಾನು ಕುರ್ಚಿ ಹೇಳಿದಂತೆ ನಡೆದುಕೊಂಡೆ. ಹೊರಟವರ ದಾರಿಯಲ್ಲಿ ಒಬ್ಬರನ್ನು ಕೂರಿಸಿ, ಅದಕ್ಕೆ ಮಾರ್ಗದರ್ಶನ ಎಂದು ಹೆಸರಿಡುವುದು ಯಾರ ಬುದ್ಧಿವಂತಿಕೆ?

ಕ್ಷಮೆ ಕೇಳಲು ಲಾಂಡ್ರಿಗೆ ಹೋದೆ. ದಾರಿಯುದ್ದಕ್ಕೂ ಒಂದು ಒಳ್ಳೆಯ ಭಾಷಣ ಸಿದ್ಧಪಡಿಸಿಕೊಂಡಿದ್ದೆ, ನನ್ನ ಹದಿನಾರರ ಕಥೆ ಸಮೇತ. ಅರ್ಧಕ್ಕೇ ಅರಾಸೆಲಿ ನನ್ನ ಕೈಗೆ ಒಂದು ಪ್ಯಾಂಟು ಕೊಟ್ಟು, ಮೇಜಿನ ಆ ತುದಿಯಲ್ಲಿ ನಿಂತು ಮಡಿಸಿ ಎಂದಳು. ನಾಲ್ಕು ಪ್ಯಾಂಟು ಮಡಿಸಿದೆವು. ನಾನು ಮಡಿಸಿದ್ದನ್ನೆಲ್ಲ ಅವಳ ತಾಯಿ ಬಿಚ್ಚಿ ಮತ್ತೆ ಮಡಿಸಿದಳು.

"ನಂದು ಬಿಡಿ ಮಿಸ್," ಎಂದಳು ಹುಡುಗಿ. "ಹೇಗೋ ದಾಟ್ಕೊಳ್ತೀನಿ. ನನ್ನ ತಂಗಿ ಈ ಸಲ ನಿಮ್ಮ ಹತ್ರ ಅರ್ಜಿ ತಗೊಂಡು ಬರ್ತಾಳೆ. ಅವಳಿಗೆ ನನ್ನಷ್ಟು ಹಟ ಇಲ್ಲ. ಒಂದು ಸಲ ಬೇಡ ಅಂದ್ರೆ ಎದ್ದು ಹೋಗ್ಬಿಡ್ತಾಳೆ."

ಆದ್ದರಿಂದ ನನ್ನ ಬೇಡಿಕೆ ಒಂದೇ. ಫಲಕ, ಭಿತ್ತಿಪತ್ರ, ಪ್ರೋತ್ಸಾಹ ದಿನಾಚರಣೆ ಯಾವುದೂ ಬೇಡ. ಅರ್ಜಿಯಲ್ಲಿ 'ಮಾರ್ಗದರ್ಶಕರ ಒಪ್ಪಿಗೆ' ಎಂಬ ಸಾಲನ್ನು ಅಳಿಸಿ. ಓದುತ್ತೇನೆ ಎಂದವಳು ಓದಲಿ.

ತಮ್ಮ ಸಭೆ, ಉಪಸಭೆ ಮುಗಿಯುವ ತನಕ ತಂಗಿಯಂಥವರು ಕಾಯಲಾರರು. ಹೀಗಾಗಿ ನೂರೈವತ್ತು ಖಾಲಿ ಅರ್ಜಿಗಳಿಗೆ ಮೊದಲೇ ಸಹಿ ಹಾಕಿ ಗ್ರಂಥಾಲಯದ ಮೇಜಿನ ಮೇಲಿಟ್ಟಿದ್ದೇನೆ. ಇದು ನಿಯಮಬಾಹಿರ ಎಂದು ಬಲ್ಲೆ. ಶಾಲೆ ತೆರೆದ ಮೊದಲ ದಿನವೇ ನಲವತ್ತೊಂದು ಹೋಗಿವೆ. ಯಾರು ಒಯ್ದರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಾಗದಿರುವುದೇ ಅವರಿಗೆ ಕ್ಷೇಮ.

ಇಂತಿ,
ಈ ಪತ್ರ ತಮ್ಮ ಮೇಜು ತಲುಪುವ ತನಕವಾದರೂ ತಮ್ಮ ನೌಕರಳಾಗಿರುವ
ವರ್ಲೀನ್ ಟಾಲಿವರ್
ವಿದ್ಯಾರ್ಥಿ ಮಾರ್ಗದರ್ಶಕಿ