ಹೇನಮ್‌ಗೆ ಮುಟ್ಟಿದ ನನ್ನ ಮದುವೆಯ ಸುದ್ದಿ

ಸಿಯೋಲ್,
ಡಿಸೆಂಬರ್ ಹನ್ನೊಂದು

ಪ್ರೀತಿಯ ಗ್ಯುಹಾ,

"ಪ್ರೀತಿಯ" ಎಂದು ಬರೆದು ಹೊಡೆದುಹಾಕಿದೆ, ಆಮೇಲೆ ಮತ್ತೆ ಬರೆದೆ. ಗಾಬರಿಯಾಗಬೇಡ, ವಾಪಸ್ ಬಾ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇಷ್ಟೆಲ್ಲ ಹೇಳುವಷ್ಟು ಧೈರ್ಯ ನನಗಿರಲಿಲ್ಲ ಬಿಡು.

ಹೋದ ವಾರ ಹೇನಮ್‌ಗೆ ಹೋಗಿದ್ದೆ. ಹೌದು, ನಿನ್ನ ಅಮ್ಮನ ಮನೆಗೇ. ಚಳಿಗಾಲದ ಕಿಮ್ಚಿ ಹಾಕಲು ಅವರೇ ಫೋನ್ ಮಾಡಿ ಕರೆದರು. "ಗ್ಯುಹಾಗೆ ಗೋಜೆಯ ಹಡಗುಕಟ್ಟೆ ಕೆಲಸದಲ್ಲಿ ರಜೆ ಸಿಗಲ್ವಂತೆ. ನೀನಾದ್ರೂ ಬಾರೋ ಮೂಜಿನ್, ಕೋಸು ಹೊರೋಕೆ ಗಂಡಾಳು ಬೇಕು" ಅಂದರು. ಪ್ರತಿವರ್ಷ ನಿನ್ನ ಜೊತೆ ಹೋಗುತ್ತಿದ್ದವನು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಾವು ಬೇರೆಯಾದದ್ದು ಅವರಿಗೆ ಗೊತ್ತಿಲ್ಲ ಅಂದುಕೊಂಡೆ. ಗೊತ್ತಾಗುವುದಾದರೂ ಹೇಗೆ? ನಾವು ಒಂದಾಗಿದ್ದದ್ದೇ ಅವರಿಗೆ ಗೊತ್ತಿರಲಿಲ್ಲವಲ್ಲ. ಅವರ ಪಾಲಿಗೆ ನಾನು ನಿನ್ನ ಜೊತೆ ಮನೆ ಹಂಚಿಕೊಂಡ ಸ್ನೇಹಿತ. ನಿಜ ತಿಳಿದರೆ ಅಮ್ಮ ಬದುಕುವುದಿಲ್ಲ ಎಂದು ಹೇಳಿಯೇ ನೀನು ಚುಸೋಕ್ ಹಬ್ಬ ಮುಗಿದ ಮಾರನೆಯ ದಿನ ಬಟ್ಟೆಬರೆ ಕಟ್ಟಿಕೊಂಡು ಹೊರಟದ್ದು.

ಅಂಗಳದಲ್ಲಿ ನಿನ್ನೂರಿನ ಹೆಂಗಸರೆಲ್ಲ ಮೊಣಕೈವರೆಗೆ ಕೆಂಪು ಗ್ಲೌಸ್ ಹಾಕಿಕೊಂಡು ಕುಳಿತಿದ್ದರು. ನಾನು ಕೋಸು ಹೊತ್ತು ಕಾಲಿಟ್ಟದ್ದೇ ತಡ, ಪಕ್ಕದ ಮನೆಯ ಮೊಕ್ಪೊ ಅತ್ತೆ ಕೂಗಿದರು: "ಬಂದ ನೋಡ್ರೇ ಮದುಮಗ!"

ಹಿಂತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

"ಯಾರನ್ನ ಹುಡುಕ್ತೀಯೋ? ನೀನೇ ಕಣೋ! ಏಪ್ರಿಲ್‌ನಲ್ಲಿ ಮದ್ವೆ ಅಂತೆ, ಅದಕ್ಕೇ ನಮ್ಮ ಗ್ಯುಹಾನ ಮನೆ ಬಿಡಿಸಿದ್ಯಂತೆ. ಹುಡ್ಗಿಗೆ ಕಿಮ್ಚಿ ಹಾಕೋಕೆ ಬರುತ್ತಾ, ಇಲ್ಲ ಅದೂ ನಿನ್ನ ತಲೆಗೇನಾ?"

"ಕೈ ನೋಡಿದ್ರೆ ಗೊತ್ತಾಗಲ್ವಾ, ಅವನ ತಲೆಗೇ" ಎಂದು ಇನ್ಯಾರೋ ಹೇಳಿದರು. ಎಲ್ಲರೂ ನಕ್ಕರು.

ನನಗೆ ಮದುವೆ ಎಂದು ನೀನು ಹೇಳಿರುವುದು ನನಗೆ ತಿಳಿದದ್ದು ಹೀಗೆ, ಎರಡು ಕಂಕುಳಲ್ಲೂ ಕೋಸು ಹಿಡಿದುಕೊಂಡು ನಿಂತಾಗ. ಸಿಟ್ಟು ನೆತ್ತಿಗೇರಿತು ಗ್ಯುಹಾ. ಬಿಟ್ಟು ಹೋದವನು ನೀನು, ಊರಿನವರ ಬಾಯಲ್ಲಿ ಬಿಟ್ಟವನು ನಾನು! ಎಲ್ಲವನ್ನೂ ಅಲ್ಲೇ ಒದರಿಬಿಡೋಣ ಅನ್ನಿಸಿತು. ಆದರೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಹಲ್ಲು ಕಿರಿದು, "ಕಲಿಸಿಕೊಡಿ ಅತ್ತೆ" ಎಂದು ಚಾಪೆಯ ಮೇಲೆ ಕುಳಿತೆ.

ಬೆಳಗ್ಗೆಯಿಡೀ ಎಲೆ ಬಿಡಿಸಿ ಬಿಡಿಸಿ ಖಾರ ಸವರಿದೆ. ಮೊಕ್ಪೊ ಅತ್ತೆ ನನ್ನ ಕೈಗೊಂದು ಏಟು ಕೊಟ್ಟು, "ಗೋಡೆಗೆ ಸುಣ್ಣ ಬಳೀತಿದ್ದೀಯೇನೋ?" ಎಂದು ಬೈದರು. ಕಣ್ಣಲ್ಲಿ ನೀರು ಬಂತು. ಖಾರ ತಾಗಿತು ಅಂದೆ, ನಂಬಿದರು.

ಮಧ್ಯಾಹ್ನ ಅವರೆಲ್ಲ ನಲ್ಲಿಯ ಹತ್ತಿರ ಬೋಗುಣಿ ತೊಳೆಯುತ್ತಿದ್ದಾಗ ಅಮ್ಮ ನನ್ನನ್ನು ಒಳಗೆ ಕರೆದರು. ಊಟಕ್ಕೆ ಹಂದಿಮಾಂಸ ಬೇಯುತ್ತಿತ್ತು. ಒಲೆಯ ಕಡೆಯಿಂದ ತಿರುಗದೆಯೇ ಕೇಳಿದರು: "ಮೂಜಿನ್, ನಿಜವಾಗ್ಲೂ ಹುಡ್ಗಿ ಇದಾಳಾ?"

ನಾನು ಕೈಗಂಟಿದ ಖಾರ ಉಜ್ಜತೊಡಗಿದೆ.

"ಗ್ಯುಹಾ ಹೋದ ತಿಂಗಳು ಬಂದಿದ್ದ. ನಿನ್ನ ಮದ್ವೆ ವಿಷ್ಯ ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಅವರಪ್ಪ ಹೋದಾಗ್ಲೂ ಅವ್ನು ಹಾಗೆ ಅತ್ತಿರ್ಲಿಲ್ಲ ಕಣೋ."

ಇಲ್ಲ ಅಮ್ಮ, ಯಾವ ಹುಡುಗಿಯೂ ಇಲ್ಲ ಅನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಮ್ಮ ಬದುಕುವುದಿಲ್ಲ ಎಂದು ನೀನು ಹೇಳಿದ್ದು ಕಿವಿಯಲ್ಲಿ ಹಾಗೇ ಇತ್ತು. ಅವರಿಗೆ ಏನಾದರೂ ಆದರೆ ನೀನು ಜನ್ಮದಲ್ಲಿ ನನ್ನನ್ನು ಕ್ಷಮಿಸುವುದಿಲ್ಲ. "ಇದಾಳೆ ಅಮ್ಮ" ಅಂದೆ.

"ಹೇಗಿದಾಳೆ?"

ಇದನ್ನು ಕೇಳುತ್ತಾರೆಂದು ಯೋಚಿಸಿಯೇ ಇರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಅಂದೆ. ಮೀನಿನ ಮುಳ್ಳು ತೆಗೆದುಕೊಟ್ಟರೆ ಮಾತ್ರ ತಿನ್ನುವುದು ಅಂದೆ. ಚಳಿಗಾಲದಲ್ಲಿ ಪಾದ ಮಂಜುಗಡ್ಡೆಯಾಗಿರುತ್ತೆ, ಆದರೂ ಸಾಕ್ಸ್ ಹಾಕುವುದಿಲ್ಲ ಅಂದೆ. ಅಮ್ಮ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು.

"ಅಂಥೋರನ್ನ ಒಬ್ರನ್ನೇ ಬಿಡ್ಬಾರ್ದಪ್ಪ" ಅಂದರು.

ಊಟಕ್ಕೆ ಕುಳಿತಾಗ ಹೊಸ ಕಿಮ್ಚಿಯ ಎಲೆಯಲ್ಲಿ ಮಾಂಸದ ತುಂಡು ಸುತ್ತಿ ಮೊದಲ ತುತ್ತನ್ನು ನನ್ನ ಬಾಯಿಗೆ ಇಟ್ಟರು. ಪ್ರತಿವರ್ಷ ಆ ತುತ್ತು ನಿನ್ನದು.

ಇದನ್ನೆಲ್ಲ ಬರೆದದ್ದು ನಮ್ಮಿಬ್ಬರ ಸುಳ್ಳೂ ಒಂದೇ ಆಗಿರಲಿ ಎಂದು. ಅಮ್ಮ ಕೇಳಿದರೆ ಏಪ್ರಿಲ್ ಎಂದೇ ಹೇಳು. ಮೇ ತಿಂಗಳಲ್ಲಿ ಬೇಕಾದರೆ ಮದುವೆ ಮುರಿದುಬಿತ್ತು ಅನ್ನೋಣ, ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ನಿನ್ನ ಪಾಲಿನ ಕಿಮ್ಚಿ ಕೊರಿಯರ್‌ನಲ್ಲಿ ಕಳಿಸಿದ್ದೇನೆ. ಹಡಗುಕಟ್ಟೆಯಲ್ಲಿ ಗಾಳಿ ಜೋರಂತೆ, ಸಾಕ್ಸ್ ಹಾಕಿಕೋ. ನಾನು ಚೆನ್ನಾಗಿದ್ದೇನೆ.

ಇಂತಿ,
ನಿನ್ನೂರಿನವರ ಮದುಮಗ,
ಮೂಜಿನ್

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ತೆಗೆದೆ. ನಾನು ಚೆನ್ನಾಗಿಲ್ಲ. ಒಂದು ವಿಷಯ ಮುಚ್ಚಿಟ್ಟಿದ್ದೆ. ಬಸ್ಸು ಹತ್ತುವಾಗ ಅಮ್ಮ ಬಟ್ಟೆಯಲ್ಲಿ ಕಟ್ಟಿದ ಒಂದು ಡಬ್ಬಿ ಕೊಟ್ಟು, "ಮದ್ವೆ ಉಡುಗೊರೆ. ಮನೆಗೆ ಹೋಗಿ ಬಿಚ್ಚು. ಬೀರುನಲ್ಲಿಟ್ಟು ಎಷ್ಟೋ ವರ್ಷ ಆಯ್ತು, ಬೆಳ್ಳಿ ಕಪ್ಪಾಗಿದೆ, ಉಜ್ಜಿಕೋ" ಅಂದರು. ಹೊಸ ದಂಪತಿಗೆ ಕೊಡುತ್ತಾರಲ್ಲ, ಆ ಜೋಡಿ ಚಮಚ ಮತ್ತು ಊಟದ ಕಡ್ಡಿಗಳು. ಗಂಡನದು ಉದ್ದ, ಹೆಂಡತಿಯದು ಒಂದು ಬೆರಳು ಗಿಡ್ಡ, ಎಲ್ಲರ ಮನೆಯಲ್ಲೂ ಹಾಗೇ. ಇವು ಹಾಗಿಲ್ಲ. ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಉದ್ದದವು, ಎರಡೂ ಗಂಡಸರವು. ನಾವು ಹೇಳಲಿ ಎಂದು ನಿನ್ನ ಅಮ್ಮ ಅಷ್ಟು ವರ್ಷ ಕಾದಿದ್ದಾರೆ ಗ್ಯುಹಾ, ನಾನು ಅವರ ಎದುರೇ ಕುಳಿತು ಹುಡುಗಿ ಇದ್ದಾಳೆ ಎಂದು ಹೇಳಿ ಬಂದೆ. ಭಾನುವಾರ ಮತ್ತೆ ಹೇನಮ್‌ಗೆ ಹೋಗುತ್ತೇನೆ. ನನ್ನ ಸುಳ್ಳನ್ನು ನಾನು ಒಪ್ಪಿಕೊಳ್ಳುತ್ತೇನೆ, ನಿನ್ನದು ನಿನಗೆ ಬಿಟ್ಟದ್ದು. ಬರುವುದಾದರೆ ಊಟದ ಹೊತ್ತಿಗೆ ಬಾ.