ಸುಪಡೂ ಬಾಬಾ ಊದದೇ ಊದಿದ್ದು

ನವೆಂಬರ್ 4, ಬೆಳಿಗ್ಗೆ

ಮತ್ತೆ ಸೊಳ್ಳೆ. ನನ್ನ ಕೀಬೋರ್ಡಿನಲ್ಲಿ ‘ಕ್ಲಾರಿನೆಟ್’ ಒತ್ತಿದರೆ ಬರುವುದು ಸೊಳ್ಳೆಯೇ. ಬ್ಯಾಂಡ್ ಗಾಡಿಯ ಮೇಲೆ ಎಷ್ಟು ಮದುವೆ ನುಡಿಸಿದೆನೋ, ಅರಿಶಿಣ ಕುಡಿದು ಕೀಲಿಗಳೇ ಹಳದಿ... ಆದರೂ ನಮ್ಮ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಮುದುಕ ಸುಪಡೂ ಬಾಬಾನ ದನಿ ಅದಕ್ಕೆ ಹತ್ತಲಿಲ್ಲ.

ಬಾಬಾ ಇನ್ನು ಹಾಡು ಊದಬಾರದಂತೆ. ಎದೆ ತಡೆಯದೆಂದು ಡಾಕ್ಟರ್ ಹೇಳಿದ್ದು. ಮಾಲೀಕ ಝುಂಬರ್ ಶೇಠ್ ನೆಟ್ಟಗೆ ಅಂದ: “ಪಾರೋಳಾದ ಪಾಟೀಲ್ರು ಆ ಕ್ಲಾರಿನೆಟ್ ಸಲುವಾಗೇ ನಮ್ಮನ್ನ ಕರಿಯೋದು. ಭಾನುವಾರ ಮಗನ ಮದುವಿಗಂತ ಕೇಳಾಕ ಬರ್ತಾರ. ಅದಿಲ್ಲಂದ್ರ ಬಾಬಾಗ ಗಾಡಿ ಮ್ಯಾಲೆ ಏನು ಕೆಲಸ?”

ಬಾಬಾ ಬ್ಯಾಂಡಿನ ಪೇಟಾ ತೆಗೆದು ಟ್ರಂಕಿಗೆ ಹಾಕಿದ.

ನವೆಂಬರ್ 5

ಮಗಳು ಉಜ್ವಲಾ ಲ್ಯಾಪ್‌ಟಾಪ್ ಹಿಡಿದು ಬಂದಳು. “ಪಪ್ಪಾ, ಬಾಬಾ ಒಂದೊಂದ ಸ್ವರ ಊದ್ಲಿ, ಸಾಕು. ಸಾಫ್ಟ್‌ವೇರ್ ಹಿಡ್ಕೋತದ. ಆಮ್ಯಾಲೆ ನೀ ಕೀಲಿ ಒತ್ತಿದ್ರ ಬಾಬಾನ ದನಿ.”

“ಮುದುಕನ್ನ ಉಪ್ಪಿನಕಾಯಿ ಹಾಕ್ತೀಯೇನವ್ವಾ?” ಅಂದೆ.

ದನಿ ಗೋಡೆಗೆ ಬಡಿದು ಮಾರ್ದನಿಸದಿರಲೆಂದು ಬ್ಯಾಂಡಿನ ಗೋದಾಮಿನ ತುಂಬ ಕೌದಿ ತೂಗುಹಾಕಿದೆವು. ಒಂದು ಸ್ವರ, ಒಂದು ಕಪ್ ಚಹಾ, ಮತ್ತೊಂದು ಸ್ವರ.

ನವೆಂಬರ್ 7, ಸಂಜೆ

ಬಂತು! ವೈರ್ ಚುಚ್ಚಿ ಕೀಲಿ ಒತ್ತಿದೆ — ಬಾಬಾ! ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ತಲೆಯ ಮೇಲಿದ್ದಿದ್ದರೆ ಅವೂ ಏಳುತ್ತಿದ್ದವು. ಇಡೀ ಹಾಡು ಬಾರಿಸಿದೆ.

ಬಾಬಾ ಮುಖ ಹುಳ್ಳಗೆ ಮಾಡಿದ. “ದನಿ ನಂದು. ಆದ್ರ ಲೇ ಭಿಕನ್, ಇದರಾಗ ನಾ ಉಸಿರು ಎಲ್ಲಿ ತಗೊಂಡೆ?”

ನನ್ನದೇ ಚಾಳಿ. ಗಾಡಿಯ ಮೇಲೆ ಕೀಬೋರ್ಡಿನವರಿಗೆ ಕೀಲಿಯಿಂದ ಬೆರಳೆತ್ತಿ ಗೊತ್ತಿಲ್ಲ. ಸಪ್ಪಳ ನಿಂತರೆ ಕುಣಿಯುವವರು ಚಪ್ಪಲಿ ಎಸೆಯುತ್ತಾರೆ. ಉಜ್ವಲಾ ಲ್ಯಾಪ್‌ಟಾಪಿನಲ್ಲೇ ಹಾಡು ಕತ್ತರಿಸಿ ಸಂದು ಬಿಟ್ಟಳು. ಬಾಬಾಗೆ ಬಿಕ್ಕಳಿಕೆ ಹತ್ತಿದಂತೆ ಕೇಳಿಸಿತು.

ನವೆಂಬರ್ 9, ಭಾನುವಾರ

ಗೆದ್ದೆವು! ಪಾಟೀಲರು ಹೆಂಗಸರ ಸಮೇತ ಬಂದಿದ್ದರು. ನಾನು ಗಾಡಿ ಹತ್ತುವಾಗ ಬಾಬಾ ಹಿಂದೆಯೇ ಹತ್ತಿದ. ನನ್ನ ಬೆನ್ನ ಮೇಲೆ ಕೈ ಇಟ್ಟ. “ತಟ್ಟಿದಾಗ ಬೆರಳ ಎತ್ತು. ನೀನೂ ಉಸಿರು ತಗೋ.”

ತಟ್ಟಿದ, ಎತ್ತಿದೆ. ತಟ್ಟಿದ, ಎತ್ತಿದೆ. ಎರಡನೇ ಸಾಲಿಗೆ ನನ್ನ ಗಲ್ಲವೂ ಉಬ್ಬಿತು, ಖಾಲಿ ಬಾಯಿ! ಮದುಮಗಳ ಅತ್ತೆ ಸೆರಗು ಸಿಗಿಸಿ ಕುಣಿದೇ ಕುಣಿದಳು. ಆಮೇಲೆ ಬಾಬಾನನ್ನು ನೋಡಿ ದಂಗಾದಳು. “ಅಯ್ಯ, ಇವನ ಬಾಯಾಗ ಎಲಿಯಡಿಕಿ! ಮತ್ತ ಊದಿದವರ್‍ಯಾರು?”

“ನಾನs,” ಅಂದ ಬಾಬಾ. “ಇವನ ಬೆನ್ನಿನಾಗಿಂದ.”

ಮದುವೆ ನಮ್ಮದಾಯಿತು. ಬಾಬಾಗೆ ಗಾಡಿ ಮೇಲೆ ಏನು ಕೆಲಸ ಅಂತ ಶೇಠ್ ಮತ್ತೆ ಕೇಳಲೇ ಇಲ್ಲ.

ಮೇಲಿನ ‘ಗ’ ಸ್ವರ ಒತ್ತಿದರೆ ಕೊನೆಗೆ ಬಾಬಾನ ಸಣ್ಣ ಕೆಮ್ಮು ಬರುತ್ತದೆ. ಉಜ್ವಲಾ ತೆಗೆಯಲೇ ಅಂದಳು. ಬೇಡ ಅಂದೆ, ಯಾಕೆಂದರೆ...

ಹೆಂಡತಿ ಕೂಗುತ್ತಿದ್ದಾಳೆ: “ಬದನಿಕಾಯಿ ಭರೀತ ಆರ್ತದ, ಬರ್ರೀ! ಬಾಬಾ ಪೇಟಾ ಸುತ್ಕೊಂಡs ತಾಟಿನ ಮುಂದ ಕುಂತಾನ, ನೀವು ಬರೂತನಕ ತುತ್ತು ಮುಟ್ಟಂಗಿಲ್ಲಂತ—”

ಬಂದೆ, ಬಂ