ಉಡುಗೊರೆ ತಾತನ ಹೊಲಿಗೆ

ಅಪ್ಪಾ,

ವರ್ಷಕ್ಕೊಮ್ಮೆ ರಾತ್ರಿ ಗುಟ್ಟಾಗಿ ಬರುತ್ತಾನೆಂದು ಮಕ್ಕಳು ನಂಬುವ ಉಡುಗೊರೆ ತಾತ ಇವತ್ತು ನಿಮ್ಮ ಮೊಮ್ಮಗಳಿಗೂ ಚೀಲ ಇಟ್ಟುಹೋದ. ಅದರ ಬಾಯಿ ಹೊಲಿದವಳು ನಾನೇ, ನೀವು ಕಲಿಸಿದ ಓರೆ ಹೊಲಿಗೆಯಲ್ಲಿ.

“ಅಮ್ಮಾ, ತಾತ ನಿನ್ನ ಥರಾನೇ ಹೊಲೀತಾನೆ. ಅವನಿಗೆ ಯಾರು ಹೇಳಿಕೊಟ್ರು?” ಅಂದಳು ಮಗಳು.

ಗಲಿಬಿಲಿಯಲ್ಲಿ “ನಮ್ಮಪ್ಪ” ಅಂದುಬಿಟ್ಟೆ. ಅದು ಸುಳ್ಳೋ ನಿಜವೋ ಇನ್ನೂ ತಿಳಿಯುತ್ತಿಲ್ಲ.

ಏಳನೇ ವಯಸ್ಸಿನಲ್ಲಿ ನಾನೂ ನನ್ನ ಉಡುಗೊರೆ ಚೀಲದ ಮೇಲೆ ಆ ಹೊಲಿಗೆ ಗುರುತು ಹಿಡಿದಿದ್ದೆ. ನಿಮ್ಮ ಟೈಲರ್ ಅಂಗಡಿಯಲ್ಲಿ, ಗಿರಾಕಿಗಳ ಎದುರೇ, “ತಾತ ಗೀತ ಯಾರೂ ಇಲ್ಲ, ಇದು ನಮ್ಮಪ್ಪಂದೇ ಹೊಲಿಗೆ” ಅಂದೆ. ಎಲ್ಲರೂ ನಕ್ಕರು. ನೀವು ಮಷಿನ್ನಿನಿಂದ ತಲೆ ಎತ್ತಲಿಲ್ಲ. ಮರುವರ್ಷ ಉಡುಗೊರೆ ಹೊಲಿಗೆಯೇ ಇಲ್ಲದೆ ಕಾಗದದಲ್ಲಿ ಬಂತು, ಸೊಟ್ಟಪಟ್ಟ ಗೋಂದು ಮೆತ್ತಿಕೊಂಡು. ಆ ಸಲ ತಾತನದೇ ಅಂತ ತೆಗೆದುಕೊಂಡೆ.

“ಹಾಗಾದ್ರೆ ಮುಂದಿನ ವರ್ಷ ಸತ್ತುಹೋದ ಅಜ್ಜಾನೂ ತಾತನ ಜೊತೆ ಬರ್ತಾರಾ?” ಅಂದಳು ಇವಳು.

“ಬರ್ತಾರೆ” ಅಂದೆ. ಈಗ ಮುಂದಿನ ವರ್ಷ ನೀವು ತಂದಿದ್ದು ಅಂತ ಇಡಬೇಕಾದ ಉಡುಗೊರೆಗೆ ಹೊಲಿಗೆ ಹಾಕಲೋ, ಗೋಂದು ಹಚ್ಚಲೋ, ತೋಚುತ್ತಿಲ್ಲ ಅಪ್ಪಾ.